ಖಾರಾಖೋರಂ ಮೋಜಣಿ

ಆರು ತಾಸು ವ್ಯಾನಿನಲ್ಲಿ ಕುಲುಕಿ ಕುಲುಕಿ
ಹೊಟ್ಟೆಯೊಳಗಿನ ಕುರಿಮಾಂಸದ ಕಡುಬು
ಮಜ್ಜಿಗೆಯಾಗುವ ಹೊತ್ತಿಗೆ
ಗಾಲ್ಸನ್ ಬ್ರೇಕು ಒತ್ತಿ, ಗದ್ದದಿಂದ ತೋರಿಸಿದ:
"ಬಂತು, ಖಾರಾಖೋರಂ."

ಇಳಿದೆ. ನೋಡಿದೆ. ಏನೂ ಇರಲಿಲ್ಲ.
ಹುಲ್ಲು ಇತ್ತು. ಹುಲ್ಲಿನ ಮೇಲೆ ಗಾಳಿ ಇತ್ತು.
ಗಾಳಿಗೆ ಬೆನ್ನು ಕೊಟ್ಟ ಮೂರು ಕುದುರೆ,
ಆಚೆ ಹಿಟ್ಟಿನ ಗಿರಣಿ, ಅದರಾಚೆ ಒರ್ಖೋನ್ ಹೊಳೆ
ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ.
"ಎಲ್ಲಿ?" ಅಂದೆ.
"ಕಾಲ ಕೆಳಗೆ" ಅಂದ ಸಿಗರೇಟು ಹಚ್ಚುತ್ತ,
ಚಪ್ಪಲಿ ಎಲ್ಲಿ ಅಂತ ಕೇಳಿದವನಿಗೆ ಹೇಳುವಂತೆ.

ಮೂವತ್ತೊಂದು ವರ್ಷ ಸರಪಳಿ ಎಳೆದವನು ನಾನು,
ಭೂಮಾಪನ ಇಲಾಖೆಯಲ್ಲಿ.
ಬಾಂದುಕಲ್ಲು ಕಾಣದಿದ್ದರೆ ಅಂಗೈ ತುರಿಸುತ್ತದೆ.
ಒಂದು ಗುಂಟೆಗೆ ಅಣ್ಣತಮ್ಮಂದಿರ ನಡುವೆ
ಕೊಡಲಿ ಎದ್ದದ್ದು ಕಂಡಿದ್ದೇನೆ.
ಇದು ಅರ್ಧ ಭೂಮಂಡಲದಿಂದ ಕಪ್ಪ ಎಣಿಸಿಕೊಂಡ ಊರು,
ಮೂಲೆಗೊಂದು ಗೂಟವಿಲ್ಲ.

ಹೆಜ್ಜೆ ಹಾಕಿ ಅಳೆದೆ, ಬಿಡದ ಚಾಳಿ.
ಮೂಡಲಿಗೆ ಇನ್ನೂರ ಹತ್ತು, ತೆಂಕಲಿಗೆ ನೂರ ಎಂಬತ್ತು,
ಅಷ್ಟರಲ್ಲಿ ಪ್ಯಾಂಟಿನೊಳಗೆ ಮಿಡತೆ ಹತ್ತಿ
ಅರಮನೆಯ ಎಲ್ಲೆ ಅಲ್ಲಿಗೇ ಮುಗಿಯಿತು.
ಇಲ್ಲೆಲ್ಲೋ ಬೆಳ್ಳಿಯ ಮರ ನಿಂತಿತ್ತಂತೆ,
ನಾಲ್ಕು ಬಾಯಲ್ಲಿ ನಾಲ್ಕು ಬಗೆಯ ಮದ್ಯ ಸುರಿಯುತ್ತಿತ್ತಂತೆ.
ಅಂತೆಕಂತೆಗಳ ಸಂತೆ ಎದ್ದುಹೋದ ಮೇಲೆ
ಉಳಿದದ್ದು ಆಮೆ.

ಕಲ್ಲಾಮೆ. ಮಲಗಿದ ಎಮ್ಮೆಯಷ್ಟು.
ಬೆನ್ನ ನಡುವೆ ಚೌಕನೆಯ ಗುಳಿ;
ಅಲ್ಲಿ ನೆಟ್ಟ ಶಾಸನ ಯಾವಾಗಲೋ ಕಿತ್ತುಹೋಗಿದೆ.
ಹೊರೆ ಇಳಿಸಿದ್ದು ಗೊತ್ತೇ ಆಗದ ಕೂಲಿಯಂತೆ
ಕತ್ತು ಚಾಚಿಕೊಂಡೇ ಇದೆ.
ಹಾಳೂರಿಗೆ ಉಳಿದವನೇ ಗೌಡ, ಅಲ್ಲವೇ.
ನಮಸ್ಕಾರ ಗೌಡರೇ, ಅಂದೆ ಕನ್ನಡದಲ್ಲೇ.
ಯಾರೋ ಕೊರಳಿಗೆ ನೀಲಿ ರೇಷ್ಮೆ ಕಟ್ಟಿದ್ದರು.
ಗುಳಿಯಲ್ಲಿ ನಿನ್ನೆಯ ಮಳೆ, ಒಂದು ಚಾಕಲೇಟಿನ ಕಾಗದ.

ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ನೊರ್ಜ್‌ಮಾ
ಕುರಿಯ ಕೀಲುಮೂಳೆ ಮಾರುತ್ತಾಳೆ.
ಒಂದು ಮೈ ಕುದುರೆ, ಒಂದು ಒಂಟೆ,
ಒಂದು ಕುರಿ, ಒಂದು ಮೇಕೆ;
ನಾಲ್ಕು ಎಸೆದರೆ ನಾಲ್ಕೂ ಕುದುರೆ ಬೀಳಬೇಕು.
ನನಗೆ ಮೂರು ಮೇಕೆ. ನಾಲ್ಕನೆಯದು
ಉರುಳಿ ಆಮೆಯ ಕೆಳಗೆ ಹೋಯಿತು.
ನಕ್ಕಳು. ಮುಂದಿನ ಎರಡು ಹಲ್ಲು ಚಿನ್ನ.

"ಊರಲ್ಲಿ ಮನೆ ಇದೆಯಾ?" ಗಾಲ್ಸನ್ ಬಾಯಲ್ಲಿ ಕೇಳಿಸಿದಳು.
ಇದೆ ಅಂದೆ, ಮೂವತ್ತು ನಲವತ್ತರ ಸೈಟು, ಮೇಲೊಂದು ಮಹಡಿ.
"ಬಿಚ್ಚಲು ಎಷ್ಟು ಹೊತ್ತು?"
ಅವಳದು ಒಂದು ತಾಸು, ಮಗ ಕುಡಿಯದಿದ್ದರೆ.
ಒಲೆ ಹೊರಗಿಟ್ಟು, ಉಣ್ಣೆಯ ಗೋಡೆ ಸುತ್ತಿ, ಬಾಗಿಲನ್ನು
ಕೊನೆಗೆ ಲಾರಿಗೆ ಏರಿಸುವುದು.
ಉತ್ತರಕ್ಕೆ ಗಾಲ್ಸನ್‌ನ ಮುಖ ನೋಡಿದೆ,
ಅವನು ಟೈರು ನೋಡುತ್ತಿದ್ದ.

ಅರಮನೆಯ ಕಲ್ಲು ಮಠದ ಗೋಡೆಯಲ್ಲಿದೆ ಎಂದರು.
ಯಾವುದಪ್ಪಾ ಎಂದರೆ ಎಳೆಯ ಸನ್ಯಾಸಿ,
ಫೋನಿನಲ್ಲಿ ಕುಸ್ತಿ ನೋಡುತ್ತಿದ್ದವನು,
ತಲೆ ಎತ್ತದೆ ಅಂದ: ಸುಣ್ಣ ಬಳಿದಿದೆ, ಹೇಗೆ ಹೇಳಲಿ.

ಹೊರಡುವ ಮುಂಚೆ ಬೂಟಿಗೆ ತಾಕಿತು ಹಸಿರು ಚೂರು:
ಹೆಬ್ಬೆರಳಷ್ಟು ಹೆಂಚು, ಮೆರುಗು ಇನ್ನೂ ಹಸಿಹಸಿ.
ಜೇಬಿಗೆ ಹಾಕಿದೆ. ಗಾಲ್ಸನ್ ಏನೂ ಅನ್ನಲಿಲ್ಲ,
ವ್ಯಾನು ಹೊರಡಿಸಲಿಲ್ಲ, ಅಷ್ಟೇ.
ಮರಳಿ ಹೋದೆ. ತುಳಿದ ಹುಲ್ಲು ಆಗಲೇ ಎದ್ದು ನಿಂತಿತ್ತು.
ಎತ್ತಿದ ಜಾಗ ಸಿಗಲಿಲ್ಲ. ಅಂದಾಜಿಗೆ ಇಟ್ಟು ಬಂದೆ.

ಬಾಂದು ಸರಿಸಿದವರ ಮೇಲೆ ಎಷ್ಟು ಮಹಜರು ಬರೆದಿದ್ದೇನೆ;
ನನ್ನ ಮೇಲೆ ಬರೆಯಲು ಅಲ್ಲಿ ಯಾರೂ ಇಲ್ಲ,
ಆಮೆಗೆ ಅಕ್ಷರ ಹೋಗಿದೆ.
ರಾತ್ರಿ ನಿದ್ದೆ ಹತ್ತುವ ಮುಂಚೆ ಲೆಕ್ಕ ಹಾಕುತ್ತೇನೆ:
ಎರಡು ಗೇಣು ಮೂಡಲಿಗೆ ಹೋಗಿರಬೇಕು ಊರು.
ಹೆಚ್ಚೆಂದರೆ ಮೂರು.