ಪುಕ್ಕಟೆ ರಾಗ

ಜತ್ತ ಸ್ಟ್ಯಾಂಡಿನ ಹಿಂದ, ಝೆರಾಕ್ಸ್ ಅಂಗಡಿ ಮ್ಯಾಲ
ನನ್ನ ಎಡಿಟಿಂಗ್ ಖೋಲಿ.
ಸಿನಿಮಾ ಹಾಡು ಹಾಕಿದ್ದ ಮದುವಿ ಹೋದ ತಿಂಗಳು ಮೂಕಾತು.
ಹಾಡಿನ ಮಾಲಕರು ದನಿ ಕಿತಗೊಂಡ್ರು.

ಇಡೀ ರಾತ್ರಿ ಹುಡುಕಿದೆ.
ಚಲೋ ಅನಿಸಿದ್ದಕ್ಕೆಲ್ಲ ಡಾಲರ್ ರೇಟು,
ನನ್ನ ಪ್ಯಾಕೇಜೇ ಎಂಟು ಸಾವಿರ, ಆಲ್ಬಮ್ ಸೇರಿ.
ಕಡೀಕ ಒಂದು ಸಿಕ್ತು: ಯಾರೋ, ಎಲ್ಲೋ,
ಪಿಯಾನೋ ಮುಂದ ಎರಡು ನಿಮಿಷ
ಸುಮ್ನ ಕುಂತು ಬಾರಿಸಿ, ತಗೋರಿ ಅಂತ ಬಿಟ್ಟದ್ದು.

ಅದನ್ನ ಹಚ್ಚಿದೆ ನೀಲಗಂಗಾನ ಅಕ್ಕಿಕಾಳಿಗೆ,
ಹಲ್ಲಿನ ದವಾಖಾನಿ ಜಾಹೀರಾತಿಗೆ,
ಸಾವಂತ ಮಾಸ್ತರರ ನಿವೃತ್ತಿಗೆ.
ಯಾರೂ ಗುರುತು ಹಿಡೀಲಿಲ್ಲ.

ನಿನ್ನೆ ಗಿರಣ್ಯಾಗ ನೀಲಗಂಗಾನ ಅವ್ವ
ಜ್ವಾಳದ ಚೀಲ ಇಳಿಸ್ಕೋತ ಅದನ್ನ ಗುನುಗತಿದ್ಲು.
“ಯಾವ ಹಾಡು, ಕಾಕು?”
“ಏ, ಇದು ನಮ್ಮ ಮಗಳ ಮದುವೀದು,” ಅಂದ್ಲು,
ಬ್ಯಾರೆಯವ್ರಿಗೆ ಕೊಡಬ್ಯಾಡ ಅನ್ನೂಹಂಗ.

ದವಾಖಾನಿ ಸುದ್ದಿ ನಾ ಎತ್ತಲಿಲ್ಲ.