ಹದಿಮೂರನೆಯ ತಿಂಗಳು

ನಮ್ಮ ನಾಡಿನ ವರ್ಷಕ್ಕೆ ಹದಿಮೂರು ತಿಂಗಳು.
ಮೂವತ್ತು ದಿನದ ಹನ್ನೆರಡು ಮುಗಿದ ಮೇಲೆ ಬಾಲದ ಹಾಗೆ
ಐದೋ ಆರೋ ದಿನದ ಪಾಗುಮೆ.
ನನ್ನ ಮೈಗೆ ಮಾತ್ರ ಕಳೆದ ವರ್ಷ ನಾಲ್ಕೇ ತಿಂಗಳು.
ಉಳಿದ ಒಂಬತ್ತು ಎಲ್ಲಿ ಎಂದು
ಡಾಕ್ಟರ್ ಹಿರುತ್ ಕೇಳಿದಾಗ
ಸಾಲ ಮಾಡಿ ಸಿಕ್ಕಿಬಿದ್ದವಳ ಹಾಗೆ ನೆಲ ನೋಡಿದೆ.

ಪರದೆಯ ಮೇಲೆ ಬೂದು ಮಬ್ಬು, ಅದರಂಚಿಗೆ
ಪೋಣಿಸಿದಂತೆ ಕಪ್ಪು ಮಣಿಗಳು.
"ಹೆದರಬೇಡ ತಿರುವರ್ಕ್, ಗೆಡ್ಡೆಯಲ್ಲ ಇವು,
ಹಣ್ಣಾಗದೆ ನಿಂತ ಮಿಡಿಗಳು.
ಇದು ಪೂರ್ತಿ ಹೋಗುವುದಿಲ್ಲ, ಪಳಗುತ್ತದೆ,
ಹೋರಿಯ ಹಾಗೆ; ದಿನವೂ ಮುಖ ತೋರಿಸಬೇಕು."
ಚೀಟಿಯಲ್ಲೊಂದು ಮಾತ್ರೆ. ಚೀಟಿಯ ಬೆನ್ನಿಗೆ
ಆಕೆಯ ಕೈಬರಹ: ನಡೆ. ನಿದ್ದೆ ಮಾಡು. ಸಕ್ಕರೆ ಇಳಿಸು.
ಇಷ್ಟೇನಾ, ಅಂದೆ.
ಇಷ್ಟೇ, ಅಂದಳು, ದಿನಾ.

ಆ 'ದಿನಾ' ಎಷ್ಟು ಭಾರವೆಂದು ಆಗ ತಿಳಿಯಲಿಲ್ಲ.

ರೈಲು ಟಿಕೆಟ್ ಮಾರುವ ಗೂಡಿನಲ್ಲಿ ನನ್ನ ಕೆಲಸ.
ಅಡಿಸ್ ಅಬಾಬವೆಲ್ಲ ನನ್ನೆದುರು ಹಾದುಹೋಗುತ್ತದೆ,
ನಾನು ಕೂತೇ ಇರುತ್ತೇನೆ.
ಈಗ ನಸುಕಿಗೆದ್ದು ಮೆಸ್ಕೆಲ್ ಚೌಕ.
ಆ ಉದ್ದುದ್ದ ಮೆಟ್ಟಿಲ ಸಾಲುಗಳಲ್ಲಿ
ಪದಕದ ಹುಚ್ಚಿನ ಹುಡುಗರ ಓಟ,
ಅತ್ತೆಯ ಹಳೆ ನೆತೆಲಾ ಹೊದ್ದು, ಸೊಂಟ ಹಿಡಿದು ನನ್ನ ನಡೆ.
ಮೊದಲ ದಿನ ಮೂರು ಸಾಲು. ಮೂರನೆಯ ವಾರ ಹನ್ನೊಂದು.
ನಾಲ್ಕನೆಯ ವಾರ ಮಳೆ, ಜಗಳ, ಏನೂ ಇಲ್ಲ.
ಒಬ್ಬ ದಾಟುತ್ತ "ಐಜೋಶ್!" ಅಂದ, ಧೈರ್ಯ ತಂದುಕೋ ಅಂತ.
ನನ್ನ ಗಂಡನೂ ಅದನ್ನೇ ಹೇಳುತ್ತಾನೆ,
ಹಾಸಿಗೆಯಿಂದ.

ಇಂಜೆರಾ ಬೆಳ್ಳಗಿರಲೆಂದು ಅಕ್ಕಿಹಿಟ್ಟು ಬೆರೆಸುತ್ತಿದ್ದೆವು,
ಕಂಡವರ ಕಣ್ಣಿಗಾಗಿ.
ಈಗ ಕೆಂಪು ಟೆಫ್ ಒಂದೇ. ಮೂರು ದಿನ ಹುಳಿಬಂದ ಹಿಟ್ಟು
ಹೆಂಚಿನ ಮೇಲೆ ಮೈಯೆಲ್ಲ ಕಣ್ಣು ಬಿಡುತ್ತದೆ.
ಎರಡರ ಬದಲು ಒಂದು, ಜೊತೆಗೆ ಸೊಪ್ಪು, ಬೇಳೆ.
"ಕಪ್ಪು ಇಂಜೆರಾ! ನಾವೇನು ಗತಿಗೆಟ್ಟವರೇ?" ಅತ್ತೆಯ ಗೊಣಗಾಟ.
ಕಾಫಿಯದೇ ಕಷ್ಟ. ಅಬೋಲ್, ತೋನಾ, ಬರಕಾ: ಮೂರು ಸುತ್ತು,
ಸುತ್ತಿಗೆ ಮೂರು ಚಮಚ. ಚಿಲ್ಲರೆ ಎಣಿಸುವವಳು ನಾನು: ಒಂಬತ್ತು.
ಮೂರನೆಯದು ಕುಡಿಯದೆ ಎದ್ದರೆ
ಹರಕೆಯ ಮಾತನ್ನು ಚಾಪೆಯ ಮೇಲೇ ಬಿಟ್ಟುಹೋದಂತೆ.
ಆದ್ದರಿಂದ ಸುತ್ತು ಬಿಡಲಿಲ್ಲ, ಚಮಚ ಬಿಟ್ಟೆ.
ನಾಲಿಗೆ ಕಹಿಗೆ ಒಗ್ಗಲು
ಐವತ್ತೈದು ದಿನದ ಉಪವಾಸವಿಡೀ ಬೇಕಾಯಿತು.
ರಾತ್ರಿ ಫೋನು ಅಡುಗೆಮನೆಯಲ್ಲಿ ಮಲಗುತ್ತದೆ.

ಗಲ್ಲದ ಏಳು ಕೂದಲು ಮಾತ್ರ ಯಾರ ಮಾತೂ ಕೇಳುವುದಿಲ್ಲ.
ಶನಿವಾರ ಕಿತ್ತರೆ ಬುಧವಾರಕ್ಕೆ ಹಾಜರು.
ಇದನ್ನೂ ಹೇಳುತ್ತೇನೆ.
ಗೆದ್ದದ್ದನ್ನಷ್ಟೇ ಹೇಳಿದರೆ ಲೆಕ್ಕ ತಪ್ಪುತ್ತದೆ.

ಪಾಗುಮೆ ಬಂತು. ದುಡಿತವುಂಟು, ಸಂಬಳವಿಲ್ಲದ ತಿಂಗಳು.
ಮೂರನೆಯ ದಿನ ಮಳೆ. ಇವತ್ತಿನದು ಪುಣ್ಯದ ನೀರೆಂದು
ಓಣಿಯ ಮಕ್ಕಳೆಲ್ಲ ಬರಿಮೈಯಲ್ಲಿ ಕುಣಿದವು.
ಅತ್ತೆಯ ಹೆಸರು ಜೆನೆಬೆಚ್, 'ಮಳೆ ಸುರಿಸಿದಳು' ಎಂದು;
ನನ್ನನ್ನೂ ಅಂಗಳಕ್ಕೆಳೆದು
ನೆತ್ತಿಗೆ ಬೊಗಸೆ ತುಂಬ ಸುರಿದು, ಏನೋ ಬೇಡಿಕೊಂಡರು.
ಏನೆಂದು ಇಬ್ಬರಿಗೂ ಗೊತ್ತು.

ಮರುದಿನ ಬೆಳಗ್ಗೆ ಮುಟ್ಟಾದೆ.
ಮೂವತ್ತಮೂರನೆಯ ದಿನ. ಸತತ ಮೂರನೆಯ ಸಲ.

ಒಗೆಯುವ ಕಲ್ಲಿನ ಬಳಿ ಬಟ್ಟೆ ಕಂಡು
ಅತ್ತೆಯ ಮುಖ ಇಳಿಯಿತು.
ಅವರಿಗದು ಯಾರೋ ಬಾರದೆ ಹೋದ ಸುದ್ದಿ;
ನನಗೋ, ವರ್ಷಗಟ್ಟಲೆ ಓಡಿಹೋಗಿದ್ದವಳು
ಹೇಳಿದ ಹೊತ್ತಿಗೆ ಬಂದು ಕದ ತಟ್ಟಿದ್ದು.
"ಇದು ಹೋದದ್ದಲ್ಲ ಅತ್ತೆ, ಬಂದದ್ದು," ಅಂದೆ.
ಅರ್ಥವಾಯಿತೋ ಇಲ್ಲವೋ.

ಸಂಜೆ, ಸಾಂಬ್ರಾಣಿಯ ಹೊಗೆಯಲ್ಲಿ, ಮೊದಲ ಸುತ್ತಿಗೆ
ನನ್ನ ಬಟ್ಟಲ ಮೇಲೆ ಸಕ್ಕರೆ ಚಮಚ ಹಿಡಿದವರು
ಕೈ ಹಾಗೇ ತಡೆದರು,
ತಿರುಗಿ ಡಬ್ಬಿಗೇ ಸುರಿದರು,
ಆಮೇಲೆ ತಮ್ಮದಕ್ಕೆ ನಾಲ್ಕು ಹಾಕಿಕೊಂಡರು.