ಎರಡು ಸ್ಪ್ರಿಂಗು

ಎಲ್ಕೊ, ನೆವಾಡ. ಮಾರ್ಚ್ ಮುಗಿದರೂ
ಗ್ಯಾರೇಜಿನ ನೆಲ ಇನ್ನೂ ಚಳಿ ಬಿಟ್ಟಿಲ್ಲ.
ಮೇಜಿನ ಮೇಲೆ ಹಳೆಯ ಟವೆಲು,
ಟವೆಲಿನ ಮೇಲೆ ಅಪ್ಪನ ರಿವಾಲ್ವರು.
ಆರು ಮನೆಯೂ ಖಾಲಿ. ಮೂರು ಸಲ ನೋಡಿದೆ,
ನಾಲ್ಕನೆಯ ಸಲ ಬೆರಳಿಟ್ಟು ನೋಡಿದೆ.

ಶನಿವಾರ ಬರುತ್ತಾಳೆ ಕೊಳ್ಳುವವಳು.

ಅಪ್ಪ ಕುರಿ ಕಾಯಲು ಬಂದ ಬಾಸ್ಕ್ ಮನುಷ್ಯ,
ಹೆಸರು ಬೆಟ್ಟಿರಿ. ಈ ಊರಿನ ಬಾಯಿಗೆ
ಅದು ಹಿಡಿಸದೆ ಪೀಟ್ ಆದ.
ಮೂವತ್ತು ವರ್ಷದಲ್ಲಿ ಇದರಿಂದ ಕೊಂದದ್ದು
ಗಿಲಕಿಹಾವು ಲೆಕ್ಕವಿಲ್ಲ, ಕೊಯೊಟಿ ಎರಡು,
ಕಾಲು ಮುರಿದ ಹೇಸರಗತ್ತೆ ಒಂದು.
ಹೇಸರಗತ್ತೆಯ ಮಾತು ಬಂದರೆ
ಎದ್ದು ಹೊರಗೆ ಹೋಗುತ್ತಿದ್ದ.

ಬೆರಳ ಗೆಣ್ಣು ಊದಿ, ಬಂದೂಕಿನ ಕುದುರೆ
ಎಳೆಯಲಾಗದೆ ಹೋದ ವರ್ಷ
ವೆಲ್ಸ್ ಊರಿನ ರಿಪೇರಿಯವನ ಬಳಿ ಒಯ್ದ.
ಅವನು ಸ್ಪ್ರಿಂಗ್ ಬದಲಿಸಿಕೊಟ್ಟ.
ಕುದುರೆ ಎಷ್ಟು ಸಲೀಸಾಯಿತೆಂದರೆ
ಉಸಿರು ಬಿಟ್ಟರೆ ಸಾಕು, ಟಿಕ್.
ಹಳೆಯ ಸ್ಪ್ರಿಂಗನ್ನು ಎಸೆಯಲಿಲ್ಲ.
ಅಪ್ಪ ಏನನ್ನೂ ಎಸೆದವನಲ್ಲ.
ತಂಬಾಕಿನ ಡಬ್ಬಿಯಲ್ಲಿ ಕುರಿಗಂಟೆಯ ನಾಲಗೆ ಎರಡು,
ನನ್ನದೊಂದು ಹಾಲುಹಲ್ಲು,
ಜೊತೆಗೆ ಇದು.

ಅಂಗಡಿಯ ಡಾರ್ವುಡ್ ಹೇಳಿದ: ಹಾಗೇ ಬಿಡು,
ಹಗುರ ಕುದುರೆಗೆ ನೂರು ಡಾಲರ್ ಜಾಸ್ತಿ.
ಗಂಡ ಹೇಳಿದ: ಕಬ್ಬಿಣಕ್ಕೆ ನೀಲಿ ಹೊಡೆಸು,
ಹಿಡಿ ಬದಲಿಸು, ಹೊಸದರ ಹಾಗೆ ಕಾಣುತ್ತೆ.
ಹಿಡಿ ಮುಟ್ಟೋದಿಲ್ಲ ಅಂದೆ.
ಹೆಬ್ಬೆರಳು ಕೂರುವ ಕಡೆ ಮರ ಸವೆದು
ಚಮಚದಷ್ಟು ಗುಳಿ.
ನನ್ನ ಹೆಬ್ಬೆರಳು ಅಲ್ಲಿ ಕೂರುವುದಿಲ್ಲ,
ಇಟ್ಟು ನೋಡಿದ್ದೇನೆ.

ಉಳಿದದ್ದು ಸ್ಪ್ರಿಂಗಿನ ಮಾತು.

ಅವಳು ಫೋನಿನಲ್ಲಿ ಕೇಳಿದ್ದಳು:
ಕುದುರೆ ಬಿಗಿಯಾ, ಸಲೀಸಾ?
ಚಿನ್ನದ ಗಣಿಯಲ್ಲಿ ಲಾರಿ ಓಡಿಸುತ್ತಾಳಂತೆ,
ರಾತ್ರಿಪಾಳಿ, ಮನೆ ಸೇರುವುದು ಬೆಳಗಿನ ಐದಕ್ಕೆ.
ಹಿಂದುಗಡೆ ಮಗುವೊಂದು ಕೂಗುತ್ತಿತ್ತು,
ಅಮ್ಮಾ, ಇನ್ನೊಂದು ಶೂ ಎಲ್ಲಿ?

ನೋಡಿ ಹೇಳ್ತೀನಿ ಅಂದೆ.
ನೋಡುವುದೇನಿತ್ತು? ಗೊತ್ತೇ ಇತ್ತು.

ರಾತ್ರಿ ನಿದ್ದೆಯಿಲ್ಲ. ಆ ಹಗುರ
ಅಪ್ಪನ ಬೆರಳಿಗೆಂದೇ ಮಾಡಿಸಿದ್ದು, ಕನ್ನಡಕದ ಹಾಗೆ.
ಸತ್ತವನ ಕನ್ನಡಕವನ್ನು ಇನ್ನೊಬ್ಬಳ ಮೂಗಿಗೇರಿಸಿ
ಹೋಗು, ಲಾರಿ ಓಡಿಸು ಅನ್ನುವುದೇ?
ಹಾಗಂತ, ಅವಳೇನು ಎಳೆ ಮಗುವೇ.
ಅವಳ ದುಡ್ಡು, ಅವಳ ಬೆರಳು.
ನಾಳೆ ಅವಳೇ ಸಡಿಲ ಮಾಡಿಸಿಕೊಂಡರೆ
ನಾನೇನು ಬಾಗಿಲಲ್ಲಿ ನಿಂತು ಕಾಯುತ್ತೇನೆಯೇ?
ನೂರು ಡಾಲರಿಗೆ ಅಡುಗೆಮನೆಯ ಮೂಲೆ
ಸೋರುವುದು ನಿಲ್ಲುತ್ತೆ.
ಶೂ ಸಿಕ್ಕಿತೋ ಇಲ್ಲವೋ.

ಗುರುವಾರ ಡಬ್ಬಿ ಸಮೇತ ಡಾರ್ವುಡ್‌ನ ಹತ್ತಿರ ಹೋದೆ.
ಹಳೆಯದನ್ನೇ ಹಾಕು.
ದುಡ್ಡು ಕಳಕೊಳ್ತೀಯ ಅಂದ.
ಹೂಂ ಅಂದೆ.
ಇಪ್ಪತ್ತು ನಿಮಿಷ, ರೇಡಿಯೋದಲ್ಲಿ ದನದ ಧಾರಣೆ.
ಕೈಗೆ ಕೊಟ್ಟ. ಎಳೆದೆ.
ಕುದುರೆ ಒಮ್ಮೆ ಹಟ ಹಿಡಿಯಿತು, ಯೋಚಿಸಿತು,
ಆಮೇಲೆ ಬಂತು.

ಶನಿವಾರ ಅವನ ಅಂಗಡಿಯಲ್ಲೇ ಕಾಗದಪತ್ರ.
ಅವಳು ತೆಳ್ಳಗೆ, ಉಗುರಿನಡಿ ಗಣಿಯ ಧೂಳು.
ಗೋಡೆಯ ಕಡೆ ಗುರಿಯಿಟ್ಟು ಖಾಲಿ ಎಳೆದು ನೋಡಿದಳು.
ಬಿಗಿಯಿದೆ, ಅಂದಳು.
ಇದೆ.
ಸ್ವಲ್ಪ ಕಡಿಮೆ ಮಾಡ್ತೀರಾ?

ದರವನ್ನೋ ಬಿಗಿಯನ್ನೋ ತಿಳಿಯಲಿಲ್ಲ.
ದರವನ್ನು ಇಳಿಸಿದೆ.

ಪಿಕಪ್ಪಿನ ಕಿಟಕಿಯಲ್ಲಿ ಎರಡು ಪುಟ್ಟ ಕಾಲು,
ಎರಡರಲ್ಲೂ ಶೂ. ಬೇರೆ ಬೇರೆ ಬಣ್ಣ.

ಹಗುರ ಸ್ಪ್ರಿಂಗ್ ಈಗ ಡಬ್ಬಿಯಲ್ಲಿ,
ಹಾಲುಹಲ್ಲಿನ ಪಕ್ಕ.
ಅಲುಗಿಸಿದರೆ ಕೇಳುವುದು
ಕುರಿಗಂಟೆಯ ನಾಲಗೆ ಮಾತ್ರ.